ಆಟದ ಪಿರಿಯಡ್‌ನಲ್ಲಿ ನಡತೆ ಕಲಿಸುವುದು ಹೇಗೆ: ಗಡಿನಾಡಿನ ಶಾಲೆಗಳಿಗೆ ಹಂತ ಹಂತದ ಮಾರ್ಗದರ್ಶಿ

ಜೂನ್ ತಿಂಗಳ ಎಸ್‌ಆರ್‌ಜಿ (ಶಾಲೆಯ ಶಿಕ್ಷಕರ ಯೋಜನಾ ಗುಂಪು) ಸಭೆಯಲ್ಲಿ "ಕ್ರೀಡೆಯ ಮೂಲಕ ಮೌಲ್ಯ ಶಿಕ್ಷಣ" ಎಂದು ಯೋಜನೆಯಲ್ಲಿ ಬರೆದುಕೊಳ್ಳುತ್ತೇವೆ. ಮಳೆ ಬಿಟ್ಟ ಮೇಲೆ ಶಾಲಾ ಕ್ರೀಡಾಕೂಟ ಬರುತ್ತದೆ. ಕಬಡ್ಡಿ ಫೈನಲ್‌ನಲ್ಲಿ ಅದೇ ಮಕ್ಕಳು ಅಂಗಿ ಹಿಡಿದು ಎಳೆದಾಡುತ್ತಾರೆ, ಸೋತವರು ಕೈ ಕುಲುಕದೆ ಹೋಗುತ್ತಾರೆ, ಗೆದ್ದವರು ಕೂವೆ ಹಾಕಿ ಹಂಗಿಸುತ್ತಾರೆ. "ನಾವು ಎಲ್ಲ ಹೇಳಿ ಕೊಟ್ಟಿದ್ದೆವಲ್ಲ ಟೀಚರ್" ಎಂದು ಸ್ಟಾಫ್ ರೂಮಿನಲ್ಲಿ ಮಾತಾಗುತ್ತದೆ. ಕೇರಳದ ಕಾಸರಗೋಡು, ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಕನ್ನಡ ಶಾಲೆಗಳಲ್ಲಿ ಕೆಲಸ ಮಾಡುವವರಿಗೆ ಇದು ಹೊಸ ಕಥೆಯಲ್ಲ.

ತೊಂದರೆ ಇರುವುದೇ ಆ "ಹೇಳಿ ಕೊಟ್ಟಿದ್ದೆವು" ಎನ್ನುವಲ್ಲಿ. ಅಸೆಂಬ್ಲಿಯಲ್ಲಿ ಪ್ರಾಮಾಣಿಕತೆಯ ಬಗ್ಗೆ ಹತ್ತು ನಿಮಿಷ ಮಾತಾಡಿ, ಆಮೇಲೆ ಚೆಂಡು ಎಸೆದು ಬಿಟ್ಟರೆ ಮಕ್ಕಳು ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ಇಡುತ್ತಾರೆ. ಯಾವ ನಡತೆ ಬೇಕೋ ಅದಿಲ್ಲದೆ ಆಟ ಮುಂದೆ ಹೋಗದ ಹಾಗೆ ಆಟವನ್ನೇ ಜೋಡಿಸಬೇಕು. ಮಾತು ಆಮೇಲೆ ಬರಬೇಕು, ಅದೂ ಸ್ವಲ್ಪವೇ. ಕೆಳಗಿನ ಹಂತಗಳ ಕ್ರಮ ತಪ್ಪಿಸಬೇಡಿ. ಹೆಚ್ಚಿನವರು ಸೋಲುವುದು ಎಂಟನೇ ಹಂತವನ್ನು ಮೊದಲನೆಯದಾಗಿ ಮಾಡಿ.

ನಮ್ಮ ಹೆಚ್ಚಿನ ಎಲ್‌ಪಿ (1ರಿಂದ 4), ಯುಪಿ (5ರಿಂದ 7) ಶಾಲೆಗಳಲ್ಲಿ ಪ್ರತ್ಯೇಕ ಪಿಇಟಿ, ಅಂದರೆ ದೈಹಿಕ ಶಿಕ್ಷಣದ ಟೀಚರ್, ಇಲ್ಲ. ಕ್ಲಾಸ್ ಟೀಚರೇ ಆಟವನ್ನೂ ನೋಡಬೇಕು. ಹಾಗಾಗಿ ಕ್ರೀಡಾ ತರಬೇತಿ ಇಲ್ಲದವರಿಗೂ ಆಗುವಂತೆ ಬರೆದಿದ್ದೇನೆ. 5ರಿಂದ 9ನೇ ತರಗತಿವರೆಗೆ ಇದು ನಡೆಯುತ್ತದೆ. ಅದಕ್ಕಿಂತ ಚಿಕ್ಕವರಿಗೆ ಹಂತ 3 ಮತ್ತು 4 ಸಾಕು.

ಮೊದಲು ಕೂಡಿಸಿಕೊಳ್ಳಬೇಕಾದ ಸಾಮಾನು

ಖರ್ಚಿನ ಸಾಮಾನು ಹೆಚ್ಚು ಬೇಡ. ಒಂದು ವಿಸಿಲ್, ಗೆರೆ ಎಳೆಯಲು ಸುಣ್ಣದ ಪುಡಿ, ಹತ್ತು ಹದಿನೈದು ಗೆರಟೆ (ತೆಂಗಿನ ಚಿಪ್ಪು), ಎರಡು ಬಣ್ಣದ ಹಳೆ ಬಟ್ಟೆಯ ಪಟ್ಟಿ, ಲಗೋರಿಗೆ ಹಂಚಿನ ತುಂಡು, ಒಂದು ಟೆನಿಸ್ ಚೆಂಡು. ಗೆರಟೆ ಬೋರಲು ಹಾಕಿದರೆ ಗಡಿ ಗುರುತಿಗೆ ಕೋನ್‌ನ ಕೆಲಸ ಮಾಡುತ್ತದೆ. ಒಡೆದದ್ದನ್ನು ಮಾತ್ರ ಇಡಬೇಡಿ, ಬರಿಗಾಲಿಗೆ ಅಪಾಯ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಜೇಬಿನಲ್ಲಿ ಹಿಡಿಯುವ ಒಂದು ಸಣ್ಣ ನೋಟ್‌ಬುಕ್. ಅದು ಅಂಕ ಹಾಕುವ ಪುಸ್ತಕ ಅಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಲಿಕ್ಕೆ ಅಷ್ಟೆ. ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟುಕೊಳ್ಳಿ.

ಹಂತ 1: ಒಂದು ವಾರ ಸುಮ್ಮನೆ ನೋಡಿ

ಮೊದಲ ವಾರ ಏನೂ ಕಲಿಸಬೇಡಿ. ಮಕ್ಕಳಿಗೆ ಗೊತ್ತಿರುವ ಆಟ ಕೊಟ್ಟು ಬದಿಯಲ್ಲಿ ನಿಲ್ಲಿ. ನೋಡಬೇಕಾದದ್ದು ಯಾರು ಚೆನ್ನಾಗಿ ಆಡುತ್ತಾರೆ ಎಂದಲ್ಲ. ಚೆಂಡು ಯಾರಿಗೆ ಸಿಗುವುದೇ ಇಲ್ಲ? ಔಟಾದಾಗ ಯಾರು ಒಪ್ಪುವುದಿಲ್ಲ? ಜಗಳ ಶುರುವಾದಾಗ ಯಾರ ಮುಖ ನೋಡುತ್ತಾರೆ? ಯಾರು ಬಾವಿ ಕಟ್ಟೆ ಹತ್ತಿರ ನಿಂತು ಚಪ್ಪಲಿ ಕಾಯುತ್ತಾರೆ?

ನಮ್ಮಲ್ಲಿ ಇನ್ನೊಂದು ಸಂಗತಿಯನ್ನೂ ನೋಡಬೇಕು. ಕನ್ನಡ ಮತ್ತು ಮಲಯಾಳ ಡಿವಿಷನ್ ಎರಡೂ ಇರುವ ಶಾಲೆಯಲ್ಲಿ ಮಕ್ಕಳು ತಾವಾಗಿಯೇ ಎರಡು ತಂಡವಾಗುತ್ತಾರೆ. ಡಿವಿಷನ್ ಒಂದೇ ಇದ್ದರೂ ಮನೆಯಲ್ಲಿ ತುಳು ಮಾತಾಡುವವರು ಒಂದು ಕಡೆ, ಬ್ಯಾರಿ ಅಥವಾ ಮಲಯಾಳ ಮಾತಾಡುವವರು ಇನ್ನೊಂದು ಕಡೆ, ಕೊಂಕಣಿ–ಮರಾಟಿಯವರು ಎಲ್ಲಿ ಜಾಗ ಸಿಗುತ್ತದೋ ಅಲ್ಲಿ. ಬೇಕೆಂದು ಮಾಡುವುದಲ್ಲ, ಬಸ್ಸಿನಲ್ಲಿ ಒಟ್ಟಿಗೆ ಬಂದವರು ಒಟ್ಟಿಗೆ ಆಡುತ್ತಾರೆ. ಆದರೆ ಸೋಲು ಗೆಲುವಿನ ಬಿಸಿ ಏರಿದಾಗ ಅದೇ ಗೆರೆಯ ಮೇಲೆ ಜಗಳ ಒಡೆಯುತ್ತದೆ. ಎಲ್ಲಿ ಒಡೆಯುತ್ತದೆ ಎಂದು ಮೊದಲೇ ಗೊತ್ತಿರಲಿ.

ಹಂತ 2: ಒಂದೇ ಗುಣ ಆರಿಸಿ, ಅದನ್ನು ಕಣ್ಣಿಗೆ ಕಾಣುವ ಕೆಲಸವಾಗಿ ಬರೆಯಿರಿ

"ಸಹಕಾರ, ಶಿಸ್ತು, ಪ್ರಾಮಾಣಿಕತೆ, ನಾಯಕತ್ವ, ಸಹನೆ" ಎಂದು ಐದನ್ನು ಒಂದೇ ಪಾಠ ಯೋಜನೆಯಲ್ಲಿ ತುರುಕಿದರೆ ಒಂದೂ ಆಗುವುದಿಲ್ಲ. ನಾಲ್ಕು ವಾರಕ್ಕೆ ಒಂದು ಸಾಕು. ಆ ಒಂದನ್ನೂ ಹಾಗೇ ಬಿಡಬೇಡಿ. "ಪ್ರಾಮಾಣಿಕತೆ" ಎಂದರೆ ಹನ್ನೊಂದು ವರ್ಷದ ಮಗುವಿಗೆ ಏನೂ ಹೊಳೆಯುವುದಿಲ್ಲ. "ನನ್ನ ಮೈಗೆ ಕೈ ತಾಗಿದರೆ ಕೇಳುವ ಮೊದಲೇ ಕೈ ಎತ್ತುತ್ತೇನೆ" ಎಂದರೆ ಹೊಳೆಯುತ್ತದೆ.

ಹೀಗೆ ಬರೆಯಬಹುದು. ಗೌರವ: ತಪ್ಪಿದವನ ಮೇಲೆ ಕೂಗುವುದಿಲ್ಲ. ಛಲ: ಹಿಂದೆ ಬಿದ್ದರೂ ಕೊನೆಯ ಗೆರೆಯವರೆಗೆ ಓಡುತ್ತೇನೆ. ಹೊಣೆ: ನಾನು ತಂದ ಸಾಮಾನನ್ನು ನಾನೇ ವಾಪಸ್ ಇಡುತ್ತೇನೆ. ನಿಮ್ಮ ವಾಕ್ಯ ಸರಿ ಇದೆಯೋ ಎಂದು ನೋಡಲು ಒಂದು ಪರೀಕ್ಷೆ ಇದೆ: ಮೈದಾನದ ಆಚೆ ನಿಂತ ಬೇರೆ ಟೀಚರ್‌ಗೆ ಅದು ನಡೆಯಿತೋ ಇಲ್ಲವೋ ಎಂದು ಹೇಳಲು ಬರಬೇಕು. ಬಾರದಿದ್ದರೆ ವಾಕ್ಯ ತಿದ್ದಿ.

ಯಾವುದು ಮೊದಲು? ಅಮೆರಿಕದ ದೈಹಿಕ ಶಿಕ್ಷಣ ತಜ್ಞ ಡಾನ್ ಹೆಲಿಸನ್ ರೂಪಿಸಿದ ಹೊಣೆಗಾರಿಕೆಯ ಮಾದರಿಯಲ್ಲಿ ಐದು ಮೆಟ್ಟಿಲುಗಳಿವೆ: ಇನ್ನೊಬ್ಬರ ಹಕ್ಕು ಮತ್ತು ಭಾವನೆಗೆ ಗೌರವ, ಪ್ರಯತ್ನ ಮತ್ತು ಭಾಗವಹಿಸುವಿಕೆ, ತನ್ನಿಂದ ತಾನೇ ನಡೆಯುವುದು, ಇತರರಿಗೆ ನೆರವಾಗುವುದು, ಕೊನೆಗೆ ಇದನ್ನೆಲ್ಲ ಮೈದಾನದ ಹೊರಗೂ ಒಯ್ಯುವುದು. ಈ ಕ್ರಮ ನಮ್ಮಲ್ಲೂ ನಿಲ್ಲುತ್ತದೆ. ಹೊಡೆದಾಟ ನಿಲ್ಲದ ತರಗತಿಯಲ್ಲಿ ನಾಯಕತ್ವ ಕಲಿಸಲು ಹೊರಟರೆ ಗಟ್ಟಿ ಇದ್ದವನ ಕೈಗೆ ಅಧಿಕಾರ ಕೊಟ್ಟ ಹಾಗಾಗುತ್ತದೆ.

ಹಂತ 3: ಗುಣಕ್ಕೆ ತಕ್ಕ ಆಟ ಹಿಡಿಯಿರಿ

ಎಲ್ಲ ಆಟದಲ್ಲಿ ಎಲ್ಲ ಗುಣ ಕಲಿಸಲು ಬರುವುದಿಲ್ಲ. ಪಾಸ್ ಮಾಡದೆಯೂ ಗೆಲ್ಲಬಹುದಾದ ಆಟದಲ್ಲಿ ಸಹಕಾರ ಕಲಿಸುವುದು ವ್ಯರ್ಥ. ನಮ್ಮ ಮಕ್ಕಳ ಫುಟ್‌ಬಾಲ್ ಹೆಚ್ಚಾಗಿ ಹೀಗೇ: ಚೆನ್ನಾಗಿ ಆಡುವ ಇಬ್ಬರ ಕಾಲಲ್ಲೇ ಚೆಂಡು, ಉಳಿದವರು ಹಿಂದೆ ಓಡುವುದು.

ಪ್ರಾಮಾಣಿಕತೆಗೆ ಕಬಡ್ಡಿ. ಕೈ ತಾಗಿತೋ ಇಲ್ಲವೋ ಎಂದು ತಾಗಿಸಿಕೊಂಡವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಒಬ್ಬರನ್ನೊಬ್ಬರು ಬಿಟ್ಟುಕೊಡದಿರುವುದಕ್ಕೆ ಖೋಖೋ. ಒಂದೇ ಹಿಡಿತಕ್ಕೆ, ಒಂದೇ ಉಸಿರಿಗೆ ಹೊಂದಿಕೊಳ್ಳಲು ಹಗ್ಗಜಗ್ಗಾಟ. ಹೆದರಿಕೆ ಬಿಡಲು ಮತ್ತು ಬೇರೆಯವರಿಗೋಸ್ಕರ ಅಪಾಯ ತೆಗೆದುಕೊಳ್ಳಲು ಲಗೋರಿ, ಏಕೆಂದರೆ ಹಂಚು ಜೋಡಿಸುವವನನ್ನು ಉಳಿಸಲು ಯಾರಾದರೂ ಚೆಂಡಿನ ಎದುರು ಓಡಲೇಬೇಕು.

ನಂಬಿಕೆಗೆ ನನ್ನ ಆಯ್ಕೆ ಹಾಳೆ ಎಳೆಯುವ ಆಟ. ಸೋಗೆ ಸಮೇತ ಬಿದ್ದ ಒಣ ಅಡಕೆ ಹಾಳೆಯ ಮೇಲೆ ಒಬ್ಬರು ಕೂರುವುದು, ಇನ್ನೊಬ್ಬರು ಸೋಗೆ ಹಿಡಿದು ಎಳೆಯುವುದು. ಇದನ್ನು ಕಲಿಸಬೇಕಾಗಿಲ್ಲ, ತೋಟದ ಮಕ್ಕಳಿಗೆಲ್ಲ ಗೊತ್ತು. ಓಟದ ಸ್ಪರ್ಧೆ ಮಾಡಿದರೆ ಎಳೆಯುವವನು ತಿರುವಿನಲ್ಲಿ ಜೋರು ಮಾಡಿ ಕೂತವನನ್ನು ಬೀಳಿಸುತ್ತಾನೆ. ಅದರ ಬದಲು ಕೂತವನ ಕೈಯಲ್ಲಿ ನೀರು ತುಂಬಿದ ಗೆರಟೆ ಕೊಡಿ. ಗುರಿ ಮುಟ್ಟುವಾಗ ಹೆಚ್ಚು ನೀರು ಉಳಿದ ಜೋಡಿ ಗೆಲ್ಲುತ್ತದೆ. ಆಗ ಎಳೆಯುವವನು ತಾನಾಗಿಯೇ ಹಿಂದೆ ತಿರುಗಿ ನೋಡುತ್ತಾನೆ, "ಮೆಲ್ಲ ಹೋಗ್ಬೇಕಾ?" ಎಂದು ಕೇಳುತ್ತಾನೆ. ನೀವು ಕಲಿಸಬೇಕೆಂದಿದ್ದ ಕಾಳಜಿ ಆ ಪ್ರಶ್ನೆಯಲ್ಲಿದೆ. ಹುಲ್ಲು ಅಥವಾ ಮೆತ್ತಗಿನ ಮಣ್ಣಿನ ಮೇಲೆ ಮಾತ್ರ ಆಡಿಸಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ನೆಲದಲ್ಲಿ ಹಾಳೆ ಹರಿದು ತೊಡೆ ಗೀಚುತ್ತದೆ.

ಹಂತ 4: ತಂಡ ನೀವೇ ಮಾಡಿ

ಇಬ್ಬರು ಕ್ಯಾಪ್ಟನ್‌ಗಳನ್ನು ಎದುರು ನಿಲ್ಲಿಸಿ "ಒಬ್ಬೊಬ್ಬರನ್ನೇ ಕರೀರಿ" ಎನ್ನುವ ಪದ್ಧತಿಯನ್ನು ಇವತ್ತೇ ಬಿಡಿ. ಕೊನೆಗೆ ಉಳಿಯುವ ಮಗು ಯಾವುದೆಂದು ನಿಮಗೂ ಗೊತ್ತು, ಆ ಮಗುವಿಗೂ ಗೊತ್ತು, ವಾರಕ್ಕೊಮ್ಮೆ ಇಡೀ ತರಗತಿಯ ಎದುರು ಅದನ್ನು ಖಚಿತ ಮಾಡುವುದು ಬೇಡ. ಹೀಗೆ ಶುರುವಾದ ಪಿರಿಯಡ್‌ನಲ್ಲಿ ಆಮೇಲೆ ಗೌರವದ ಬಗ್ಗೆ ಏನು ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಹಾಜರಿ ಪುಸ್ತಕದ ಕ್ರಮದಲ್ಲಿ ಒಂದು–ಎರಡು ಎಣಿಸುವುದು ಸುಲಭ ದಾರಿ. ಅದಕ್ಕಿಂತ ಒಳ್ಳೆಯದು, ಹಿಂದಿನ ದಿನವೇ ನೋಟ್‌ಬುಕ್ ನೋಡಿ ತಂಡ ಬರೆದಿಟ್ಟು ಬೋರ್ಡಿಗೆ ಅಂಟಿಸುವುದು. ಎರಡೂ ಡಿವಿಷನ್‌ನವರು ಪ್ರತಿ ತಂಡದಲ್ಲೂ ಇರಲಿ. ಆ ತಂಡ ನಾಲ್ಕು ವಾರ ಬದಲಾಗಬಾರದು. ದಿನಾ ಬದಲಾಯಿಸಿದರೆ ಯಾರೂ ಯಾರಿಗೂ ಸೇರಿದವರಲ್ಲ ಎಂದಾಗುತ್ತದೆ.

ಮೈದಾನದಲ್ಲಿ ಭಾಷೆ ತಿದ್ದಬೇಡಿ. ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಕರೆಯಲಿ, ಬಯ್ಯದಿದ್ದರೆ ಅಷ್ಟು ಸಾಕು. "ಕನ್ನಡದಲ್ಲಿ ಹೇಳು" ಎಂದು ಆಟದ ನಡುವೆ ನಿಲ್ಲಿಸಬೇಡಿ, ಅದಕ್ಕೆ ತರಗತಿ ಇದೆ.

ಹುಡುಗಿಯರ ವಿಷಯ. ಯುಪಿಯವರೆಗೆ ಆಡುತ್ತಿದ್ದವರು ಎಂಟನೆಯಲ್ಲಿ ಜಗಲಿಗೆ ಸರಿಯುತ್ತಾರೆ, ನಾವೂ "ಸ್ಕೋರ್ ಬರೀರಿ, ಚಪ್ಪಾಳೆ ತಟ್ಟಿ" ಎಂದು ಅಲ್ಲೇ ಕೂರಿಸುತ್ತೇವೆ. ಇದು ಪಾಠವೇ, ಆದರೆ ತಪ್ಪು ಪಾಠ. ಮೈ ತಾಗುವ ಆಟಗಳನ್ನು ಬೇರೆ ಬೇರೆ ಆಡಿಸಿ, ಲಗೋರಿ, ರಿಲೇಗಳನ್ನು ಒಟ್ಟಿಗೆ. ಶಾಲು ಅಥವಾ ತಟ್ಟ (ತಲೆವಸ್ತ್ರ) ಹಾಕಿಕೊಂಡವರು ಅದರೊಂದಿಗೇ ಆಡಲಿ, ತುದಿ ಒಳಗೆ ಸಿಕ್ಕಿಸಿ ಗುಂಡುಪಿನ್ ಮಾತ್ರ ತೆಗೆದಿಡಲಿ.

ಎಣ್ಮಕಜೆ, ಬೆಳ್ಳೂರಿನಂಥ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತ ಪಂಚಾಯತ್‌ಗಳ ಶಾಲೆಗಳಲ್ಲಿ, ಬೇರೆ ಕಡೆಯೂ, ದೈಹಿಕ ತೊಂದರೆ ಇರುವ ಮಕ್ಕಳು ತರಗತಿಯಲ್ಲಿ ಇರುತ್ತಾರೆ. ಅವರನ್ನು ಕಾಯಂ ಸ್ಕೋರರ್ ಮಾಡುವುದು ದಯೆಯ ಹಾಗೆ ಕಾಣುತ್ತದೆ, ಆಗುವುದು ಹೊರಗಿಡುವ ಕೆಲಸ. ನೀರಿನ ಗೆರಟೆಯ ಆಟದಲ್ಲಿ ಕೂರುವವರಿಗೆ ಓಡಲು ಬರಬೇಕಾಗಿಲ್ಲ. ಬೋಚಿ ಎಂಬ ಆಟದ ಹಾಗೆ ಕೂತಲ್ಲಿಂದಲೇ ಚೆಂಡು ಉರುಳಿಸಿ ಗುರಿಯ ಹತ್ತಿರ ಇಡುವ ಆಟದಲ್ಲಿ ಅವರೇ ಗೆಲ್ಲಬಹುದು. ಏನು ಮಾಡಬಹುದು, ಏನು ಬೇಡ ಎಂದು ಮನೆಯವರನ್ನೂ ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ರಿಸೋರ್ಸ್ ಟೀಚರನ್ನೂ ಮೊದಲೇ ಕೇಳಿಕೊಳ್ಳಿ.

ಹಂತ 5: ಒಂದು ನಿಯಮ ಬದಲಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡಲು ಸಮಯ ಇದ್ದರೆ ಇದನ್ನು ಮಾಡಿ.

ಖೋಖೋ ತೆಗೆದುಕೊಳ್ಳೋಣ. ಎಂಟು ಮಂದಿ ಒಬ್ಬರು ಈಚೆ ಒಬ್ಬರು ಆಚೆ ಮುಖ ಮಾಡಿ ಕೂರುತ್ತಾರೆ, ಒಂಬತ್ತನೆಯವರು ಅಟ್ಟಿಸುತ್ತಾರೆ. ಅಟ್ಟುವವರು ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕು ಬದಲಿಸುವಂತಿಲ್ಲ. ಆದ್ದರಿಂದ ಕೂತವರಿಗೆ ಖೋ ಕೊಡದೆ ಗತಿ ಇಲ್ಲ. ಸಹಕಾರ ಆಟದೊಳಗೇ ಇದೆ ಎಂದು ಅನ್ನಿಸುತ್ತದೆ. ಆದರೆ ನೋಟ್‌ಬುಕ್‌ನಲ್ಲಿ ಎಂಟು ಮನೆ ಬರೆದು, ಯಾರಿಗೆ ಖೋ ಸಿಕ್ಕಿತೋ ಆ ಮನೆಗೆ ಒಂದು ಗೀಟು ಹಾಕುತ್ತ ಹೋಗಿ. ಎರಡು ಮೂರು ಮನೆಗಳಲ್ಲಿ ಗೀಟುಗಳ ಸಾಲು, ಒಂದೆರಡು ಮನೆ ಖಾಲಿ. ನಿಧಾನ ಓಡುವ ಮಗುವನ್ನು ದಾಟಿ ಮುಂದಿನವನಿಗೆ ಖೋ ಕೊಡುತ್ತಾರೆ. ಆ ಮಗು ಇಡೀ ಸರದಿ ಮಂಡಿಯೂರಿ ಕೂತದ್ದೇ ಬಂತು.

ಈಗ ಒಂದೇ ಒಂದು ನಿಯಮ ಸೇರಿಸಿ: ಸರದಿ ಮುಗಿಯುವ ಮೊದಲು ಎಂಟೂ ಮಂದಿಗೆ ಖೋ ಸಿಕ್ಕಿದ್ದರೆ ತಂಡಕ್ಕೆ ಮೂರು ಅಂಕ ಹೆಚ್ಚು. ಸರದಿ 5 ನಿಮಿಷ ಇರಲಿ. ಮೊದಲ ದಿನ ಮಕ್ಕಳು ಆ ಮಗುವಿಗೆ ಹರಕೆ ತೀರಿಸಿದ ಹಾಗೆ ಖೋ ಕೊಟ್ಟು ತಕ್ಷಣ ವಾಪಸ್ ಕೂರಿಸುತ್ತಾರೆ. ಬೇಸರ ಬೇಡ. ಮೂರನೆಯ ನಾಲ್ಕನೆಯ ಪಿರಿಯಡ್ ಹೊತ್ತಿಗೆ ಯಾವಾಗ ಅವಳಿಗೆ ಖೋ ಕೊಟ್ಟರೆ ಲಾಭ ಎಂದು ಲೆಕ್ಕ ಹಾಕಲು ಶುರು ಮಾಡುತ್ತಾರೆ: ಓಡುವವರು ಕಂಬದ ಹತ್ತಿರ ಸಿಕ್ಕಿಹಾಕಿಕೊಂಡಾಗ, ಎರಡೇ ಹೆಜ್ಜೆಯಲ್ಲಿ ಮುಟ್ಟಬಹುದಾದಾಗ. ಅಲ್ಲಿಂದ ಅವಳು ಹೊರೆ ಅಲ್ಲ, ತಂಡದ ಒಂದು ಉಪಾಯ.

ಕಬಡ್ಡಿಗೆ ಬದಲಾವಣೆ ಬೇರೆ. ಕೈ ತಾಗಿದ್ದನ್ನು ತಾನಾಗಿ ಒಪ್ಪಿ ಕೈ ಎತ್ತಿದವನು ಔಟಾಗುತ್ತಾನೆ, ಆದರೆ ಅವನ ತಂಡದಿಂದ ಹೊರಗಿರುವ ಒಬ್ಬರು ಒಳಗೆ ಬರುತ್ತಾರೆ. ತಾಗಿ ಸುಮ್ಮನಿದ್ದು ಆಮೇಲೆ ಸಿಕ್ಕಿಬಿದ್ದರೆ ಆ ಅವಕಾಶ ಇಲ್ಲ. ಎರಡು ವಾರ ಆದ ಮೇಲೆ ಈ ಬಹುಮಾನ ತೆಗೆದುಬಿಡಿ, ತೆಗೆಯುವ ದಿನ ಮಕ್ಕಳಿಗೆ ಹೇಳಿಯೇ ತೆಗೆಯಿರಿ. ಬಹುಮಾನ ಇಲ್ಲದೆ ಎಷ್ಟು ಕೈ ಏಳುತ್ತವೆ ಎನ್ನುವುದೇ ನಿಮ್ಮ ನಿಜವಾದ ಫಲಿತಾಂಶ. ಸಂಖ್ಯೆ ಇಳಿಯುತ್ತದೆ. ಪೂರ್ತಿ ಸೊನ್ನೆಗೆ ಇಳಿದರೆ ಬಹುಮಾನ ವಾಪಸ್ ತರುವುದಕ್ಕಿಂತ ಹಂತ 8ಕ್ಕೆ ಹೆಚ್ಚು ಸಮಯ ಕೊಡಿ.

ಸಾಮಾನ್ಯ ತಪ್ಪು: ಒಂದೇ ಸಲ ಮೂರು ನಾಲ್ಕು ನಿಯಮ ಸೇರಿಸುವುದು. ಆಗ ಅದು ಆಟವಾಗಿ ಉಳಿಯುವುದಿಲ್ಲ, ಮಕ್ಕಳು "ಸರ್, ಸರಿ ಆಟ ಯಾವಾಗ?" ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಅವರು ಹೇಳಿದ್ದು ನ್ಯಾಯ.

ಹಂತ 6: 40 ನಿಮಿಷ ಹಂಚುವುದು

ಪಿರಿಯಡ್ 40 ನಿಮಿಷ ಎಂದಿಟ್ಟುಕೊಂಡರೆ ಮೈದಾನ ತಲುಪಲು ಮತ್ತು ಸಾಲು ಸರಿಯಾಗಲು 5 ನಿಮಿಷ ಹೋಗುತ್ತದೆ. ಮೈ ಬಿಸಿ ಮಾಡಲು 5. ಇವತ್ತಿನ ಒಂದು ವಾಕ್ಯ ಹೇಳಲು ಅರ್ಧ ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಆಟ 20 ನಿಮಿಷ. ಕೂತು ಮಾತಾಡಲು 6. ಉಳಿದದ್ದು ಸಾಮಾನು ಕಟ್ಟಲು, ಕೈಕಾಲು ತೊಳೆಯಲು.

ಕೂತು ಮಾತಾಡುವ 6 ನಿಮಿಷವೇ ಮೊದಲು ಬಲಿಯಾಗುವುದು. "ಇನ್ನೊಂದು ರೌಂಡ್ ಸರ್, ಪ್ಲೀಸ್" ಎಂದರೆ ಕರಗಬೇಡಿ.

ಹಂತ 7: ಜಗಳ ಬಂದಾಗ

ಬಂದೇ ಬರುತ್ತದೆ. ಬಾರದಿದ್ದರೆ ಮಕ್ಕಳು ನಿಮಗೆ ಹೆದರಿ ಆಡುತ್ತಿದ್ದಾರೆ ಎಂದರ್ಥ.

ಮೊದಲು ವಿಸಿಲ್, ಎಲ್ಲರೂ ಇದ್ದಲ್ಲೇ ಕೂರಬೇಕು. ನಿಂತವರ ಜಗಳ ಕೂತಾಗ ಅರ್ಧ ಇಳಿಯುತ್ತದೆ. ಯಾರಿಗಾದರೂ ಪೆಟ್ಟಾಗಿದೆಯೇ ನೋಡಿ. ಆಮೇಲೆ ಜಗಳವಾಡಿದ ಇಬ್ಬರನ್ನು ಬದಿಗೆ, ನಿಮ್ಮ ಕಣ್ಣಿಗೆ ಕಾಣುವಷ್ಟು ದೂರಕ್ಕೆ ಕಳಿಸಿ, ಉಳಿದವರ ಆಟ ಮುಂದುವರಿಸಿ. ಇಬ್ಬರೂ ಸೇರಿ ಒಂದೇ ಮಾತು ತರಬೇಕು: ಏನಾಯಿತು ಮತ್ತು ಈಗ ಏನು ಮಾಡಿದರೆ ಇಬ್ಬರಿಗೂ ಒಪ್ಪಿಗೆ. ಎರಡು ಕಥೆ ತಂದರೆ ವಾಪಸ್ ಕಳಿಸಿ. ಆಟ ತಪ್ಪಿಹೋಗುತ್ತಿದೆ ಎನ್ನುವ ಅವಸರದಲ್ಲಿ ಹೆಚ್ಚಿನ ಜೋಡಿ ಬೇಗ ಬರುತ್ತದೆ.

ಇದು ಸಮಬಲದವರ ಜಗಳಕ್ಕೆ ಮಾತ್ರ. ದೊಡ್ಡವನು ಚಿಕ್ಕವನನ್ನು, ಗುಂಪು ಒಬ್ಬನನ್ನು ಕಾಡುತ್ತಿದ್ದರೆ ಇಬ್ಬರನ್ನೂ ಸಮ ಎಂದು ಕೂರಿಸುವುದು ಅನ್ಯಾಯ. ಅಲ್ಲಿ ನೀವೇ ತೀರ್ಮಾನ ಕೊಡಬೇಕು, ಹೆಡ್‌ಮಾಸ್ಟ್ರಿಗೆ ತಿಳಿಸಬೇಕು.

ಬಸ್ಕಿ ತೆಗೆಸುವುದು, ಮೈದಾನಕ್ಕೆ ಐದು ಸುತ್ತು ಓಡಿಸುವುದು, ಬಿಸಿಲಿನಲ್ಲಿ ನಿಲ್ಲಿಸುವುದು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾನೂನು ಬಿಟ್ಟರೂ, ಓಟವನ್ನು ಪ್ರೀತಿಸಲಿ ಎಂದು ಕಲಿಸುವ ಪಿರಿಯಡ್‌ನಲ್ಲಿ ಓಟವನ್ನೇ ಶಿಕ್ಷೆ ಮಾಡಿದರೆ ಮಗು ಯಾವುದನ್ನು ನಂಬಬೇಕು?

ಹಂತ 8: ಕೂತು ಮಾತಾಡುವುದು

ವೃತ್ತವಾಗಿ ಕೂರಿಸಿ, ನೀವೂ ನೆಲಕ್ಕೆ ಕೂರಿ. ಬಿಸಿಲು ಮಕ್ಕಳ ಕಣ್ಣಿಗೆ ಹೊಡೆಯದ ಕಡೆ. ಮೂರೇ ಪ್ರಶ್ನೆ: ಇವತ್ತು ಯಾರಾದರೂ ಕೈ ಎತ್ತಿದ್ದನ್ನು ನೋಡಿದಿರಾ? ಎತ್ತಬೇಕೆನ್ನಿಸಿ ಎತ್ತದೆ ಇದ್ದದ್ದು ಏಕೆ? ಮುಂದಿನ ಸಲ ಏನು ಬದಲಿಸೋಣ? ಎರಡನೇ ಪ್ರಶ್ನೆಗೆ ಹೆಸರು ಹೇಳಿಸಬೇಡಿ. "ನಮ್ಮ ಟೀಮಿನವರು ಬಯ್ಯುತ್ತಾರೆ ಸರ್" ಎಂಬ ಉತ್ತರ ಬಂದರೆ ನಿಮ್ಮ ನಿಜವಾದ ಕೆಲಸ ಯಾವುದೆಂದು ಗೊತ್ತಾಯಿತು: ಸುಳ್ಳು ಹೇಳುವವನನ್ನು ತಿದ್ದುವುದಕ್ಕಿಂತ ಮೊದಲು, ನಿಜ ಹೇಳಿದವನ ಮೇಲೆ ರೇಗುವ ಉಳಿದ ಆರು ಮಂದಿಯನ್ನು ತಿದ್ದಬೇಕು.

ಪ್ರಶ್ನೆ ಕೇಳಿ ಸುಮ್ಮನಿರಿ. ಟೀಚರ್‌ಗಳಿಗೆ ಇದು ಬಹಳ ಕಷ್ಟ. ಐದು ಸೆಕೆಂಡ್ ಮೌನವಾದರೆ ನಾವೇ ಉತ್ತರ ಹೇಳಿಬಿಡುತ್ತೇವೆ, ಮಕ್ಕಳು "ಹೌದು ಸರ್" ಎಂದು ಕೋರಸ್ ಹಾಡುತ್ತಾರೆ, ಸಭೆ ಮುಗಿಯಿತು. ಕೋರಸ್ ಬಂದರೆ ಮಾತು ಕೆಟ್ಟಿತು ಎಂದು ತಿಳಿಯಿರಿ.

ಕೆಲವೊಮ್ಮೆ ಒಂದು ಕಥೆ ಬೇಕಾಗುತ್ತದೆ. "ಪ್ರಾಮಾಣಿಕರೇ ಕೊನೆಗೆ ಗೆಲ್ಲುತ್ತಾರೆ" ಎಂಬ ಕಥೆ ಹೇಳಬೇಡಿ, ಮಕ್ಕಳು ಮೈದಾನದಲ್ಲಿ ಅದರ ಉಲ್ಟಾ ನೋಡಿರುತ್ತಾರೆ. ಭದ್ರಾವತಿಯ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥ್ ಅವರ ಕಥೆ ಹೇಳಿ. 1980ರ ಫೆಬ್ರವರಿ, ಮುಂಬಯಿಯ ವಾಂಖೆಡೆಯಲ್ಲಿ ಸುವರ್ಣ ಮಹೋತ್ಸವ ಟೆಸ್ಟ್, ಭಾರತಕ್ಕೆ ಅವರೇ ನಾಯಕ. ಇಂಗ್ಲೆಂಡ್ 58 ರನ್ನಿಗೆ 5 ವಿಕೆಟ್ ಕಳೆದುಕೊಂಡು ಒದ್ದಾಡುತ್ತಿತ್ತು. ಆಮೇಲೆ ಬಾಬ್ ಟೇಲರ್‌ಗೆ ಅಂಪೈರ್ ಕ್ಯಾಚ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಎಂದು ಮನಗಂಡ ವಿಶ್ವನಾಥ್ ಟೇಲರ್‌ರನ್ನು ವಾಪಸ್ ಕರೆಸಿದರು. ಟೇಲರ್ 43 ರನ್ ಹೊಡೆದರು, ಬೋಥಂ ಜೊತೆ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಇಲ್ಲಿಗೆ ನಿಲ್ಲಿಸಿ ಕೇಳಿ: ನೀವಾಗಿದ್ದರೆ ಕರೆಯುತ್ತಿದ್ದಿರಾ? ತರಗತಿ ಎರಡಾಗುತ್ತದೆ. ಆಗಲಿ. ಕರೆಯುವುದಿಲ್ಲ ಎಂದವರನ್ನು ಹಂಗಿಸಬೇಡಿ, ಅವರು ಕನಿಷ್ಠ ಸುಳ್ಳು ಹೇಳಲಿಲ್ಲ.

ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ನೇಮಕವಾಗಿ ಬರುವುದು ನಮ್ಮ ಜಿಲ್ಲೆಯ ಹಳೆಯ ತಲೆನೋವು. ಆಟವನ್ನು ಕೈಸನ್ನೆಯಲ್ಲೂ ಕಲಿಸಬಹುದು, ಈ ಹಂತವನ್ನು ಆಗುವುದಿಲ್ಲ. ಪಿಇಟಿಗೆ ಮಕ್ಕಳ ಭಾಷೆ ಬಾರದಿದ್ದರೆ ಈ 6 ನಿಮಿಷಕ್ಕೆ ಕ್ಲಾಸ್ ಟೀಚರ್ ಮೈದಾನಕ್ಕೆ ಬರಲಿ. ಆಟ ಕಂಡವರೇ ಮಾತಾಡಿಸಬೇಕಾದ್ದರಿಂದ ಹತ್ತು ನಿಮಿಷ ಮೊದಲೇ ಬರಲಿ.

ಹಂತ 9: ವಿಸಿಲ್ ಮಕ್ಕಳ ಕೈಗೆ

ಎರಡನೇ ತಿಂಗಳಿನಿಂದ ಅಂಪೈರ್, ಸಾಮಾನಿನ ಹೊಣೆ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಅಂಕ ಬರೆಯುವುದು, ಎಲ್ಲ ಸರದಿಯಲ್ಲಿ ಮಕ್ಕಳಿಗೆ. ಜಗಳಗಂಟನಿಗೆ ಮೊದಲು ವಿಸಿಲ್ ಕೊಡುವ ಟೀಚರ್‌ಗಳಿದ್ದಾರೆ. ಅವನು ಸರಿಹೋಗುತ್ತಾನೆಂಬ ಆಸೆ. ನನ್ನ ಅಭಿಪ್ರಾಯದಲ್ಲಿ ಅವನ ಸರದಿ ಮೂರನೆಯದೋ ನಾಲ್ಕನೆಯದೋ ಆಗಬೇಕು, ಬೇರೆಯವರು ನ್ಯಾಯವಾಗಿ ನಡೆಸುವುದನ್ನು ಅವನು ಮೊದಲು ನೋಡಬೇಕು. ಅಂಪೈರ್ ತಪ್ಪು ತೀರ್ಮಾನ ಕೊಟ್ಟರೂ ಆಟದ ನಡುವೆ ನೀವು ತಿದ್ದಬಾರದು. ಪೆಟ್ಟಾಗುವ ಅಪಾಯ ಇದ್ದರೆ ಮಾತ್ರ ಒಳಗೆ ಬನ್ನಿ.

ತರಗತಿ ಹದಕ್ಕೆ ಬಂದ ಮೇಲೆ ಒಂದು ದಿನ ಅಂಪೈರ್ ಇಲ್ಲದೆ ಆಡಿಸಿ ನೋಡಿ. ಅಲ್ಟಿಮೇಟ್ ಎಂಬ ಫ್ರಿಸ್ಬಿ ಆಟದಲ್ಲಿ ವಿಶ್ವ ಮಟ್ಟದ ಪಂದ್ಯದಲ್ಲೂ ಫೌಲ್ ಆಯಿತೋ ಇಲ್ಲವೋ ಎಂದು ಆಟಗಾರರೇ ತೀರ್ಮಾನಿಸುತ್ತಾರೆ ಎಂದು ಹೇಳಿದರೆ ಮಕ್ಕಳಿಗೆ ಹುಮ್ಮಸ್ಸು ಬರುತ್ತದೆ.

ಹಂತ 10: ಮೈದಾನದ ಆಚೆ

ಬಿಸಿಯೂಟದ ಸಾಲು ಒಳ್ಳೆಯ ಪರೀಕ್ಷೆ. ಖೋಖೋದಲ್ಲಿ ಎಲ್ಲರಿಗೂ ಸರದಿ ಕೊಟ್ಟವರು ತಟ್ಟೆ ಹಿಡಿದಾಗ ನುಗ್ಗುತ್ತಾರೆಯೇ? ನುಗ್ಗಿದರೆ ಬಯ್ಯುವ ಬದಲು ಮುಂದಿನ ಪಿರಿಯಡ್‌ನ ವೃತ್ತದಲ್ಲಿ ಕೇಳಿ. ಎರಡನ್ನೂ ಸೇರಿಸಿ ನೋಡಲು ಮಕ್ಕಳಿಗೆ ಯಾರಾದರೂ ಒಮ್ಮೆ ತೋರಿಸಬೇಕಾಗುತ್ತದೆ, ತಾನಾಗಿ ಹೊಳೆಯುವುದು ಅಪರೂಪ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನದಲ್ಲಿ ಪಾಚಿ ಕಟ್ಟುತ್ತದೆ. ಮುರಕಲ್ಲಿನ ಮೇಲೆ ಪಾಚಿ ಇದ್ದಾಗ ಓಟದ ಆಟ ಬೇಡವೇ ಬೇಡ. ಆದರೆ ಆ ಪಿರಿಯಡ್ ಗಣಿತಕ್ಕೆ ಬಿಟ್ಟುಕೊಡಬೇಡಿ. ವರ್ಷದ ಮೊದಲ ಟರ್ಮ್ ಪೂರ್ತಿ ಹಾಗೇ ಹೋಗುತ್ತದೆ, ಓಣಂ ರಜೆ ಕಳೆದ ಮೇಲೆ ಶುರು ಮಾಡಿದರೆ ಕ್ರೀಡಾಕೂಟದ ಗಡಿಬಿಡಿ. ಹಂತ 1, 2, 4ನ್ನು ಜಗಲಿಯಲ್ಲೇ ಮುಗಿಸಿ. ಕೇರಂ, ಕುಂಟಾಬಿಲ್ಲೆ, ಕೈಯಿಂದ ಕೈಗೆ ಗೆರಟೆಯ ನೀರು ದಾಟಿಸುವ ಆಟ, ಇವುಗಳಿಗೆ ತರಗತಿಯ ಅಗಲ ಸಾಕು. ಗುಡುಗು ಕೇಳಿಸಿದ ಕೂಡಲೇ ತೆರೆದ ಜಗಲಿಯಿಂದಲೂ ಒಳಗೆ ಬನ್ನಿ.

ದಾರಿ ತಪ್ಪುತ್ತಿದೆ ಎಂದು ಹೇಳುವ ಗುರುತುಗಳು

ಆಟದ ದಿನವೇ ಒಂದು ಮಗುವಿಗೆ ಹೊಟ್ಟೆನೋವು. ಒಮ್ಮೆ ಆದರೆ ಹೊಟ್ಟೆನೋವು, ಪ್ರತಿ ವಾರ ಆದರೆ ಯಾರೋ ಕಾಡುತ್ತಿದ್ದಾರೆ. ಮಗುವನ್ನು ಒಬ್ಬೊಂಟಿಯಾಗಿ ಮಾತಾಡಿಸಿ.

ನೀವು ನೋಡುವಾಗ ಮಾತ್ರ ಕೈ ಎತ್ತುತ್ತಾರೆ, ಎತ್ತಿ ನಿಮ್ಮ ಮುಖ ನೋಡುತ್ತಾರೆ. ಹೊಗಳಿಕೆ ಹೆಚ್ಚಾಗಿದೆ, ಕಡಿಮೆ ಮಾಡಿ. ಎತ್ತಿದ್ದನ್ನು ಕಂಡೂ ಕಾಣದ ಹಾಗೆ ಇರಿ.

ಮಕ್ಕಳು ಒಬ್ಬರ ಮೇಲೊಬ್ಬರು ದೂರು ತರುವುದು ಹೆಚ್ಚಾಗಿದೆ. ನೋಟ್‌ಬುಕ್ ಅಂಕದ ಪುಸ್ತಕ ಎಂದು ಅವರಿಗೆ ಅನ್ನಿಸಿದೆ. ನಡತೆಗೆ ಗ್ರೇಡ್ ಹಾಕಬೇಡಿ, "ತಿಂಗಳ ಪ್ರಾಮಾಣಿಕ ವಿದ್ಯಾರ್ಥಿ" ಎಂದು ಫೋಟೋ ಅಂಟಿಸಬೇಡಿ. ಅಂಟಿಸಿದ ಮರುದಿನದಿಂದ ಆ ಮಗುವಿನ ತಪ್ಪು ಹುಡುಕುವುದೇ ಉಳಿದವರ ಆಟ.

ಬದಿಯಲ್ಲಿ ನಿಂತ ದೊಡ್ಡವರ ಬಾಯಿ. ಕ್ರೀಡಾಕೂಟದ ದಿನ "ಎಂತ ನೋಡ್ತಾ ಇದ್ದಿ, ಎಳ್ದು ಹಾಕು ಅವನ!" ಎಂದು ಕೂಗುವುದು ಹೆಚ್ಚಾಗಿ ಅಪ್ಪಂದಿರು, ಅಣ್ಣಂದಿರು, ಕೆಲವೊಮ್ಮೆ ನಾವೇ. ತಿಂಗಳುಗಟ್ಟಲೆ ಮಾಡಿದ ಕೆಲಸ ಆ ಒಂದು ಕೂಗಿಗೆ ಕರಗುತ್ತದೆ. ಕೂಟಕ್ಕೆ ಮೊದಲಿನ ಪಿಟಿಎ (ಹೆತ್ತವರ ಮತ್ತು ಶಿಕ್ಷಕರ) ಸಭೆಯಲ್ಲಿ, ಮಕ್ಕಳು ಏನನ್ನು ಅಭ್ಯಾಸ ಮಾಡುತ್ತಿದ್ದಾರೆ ಎಂದು ಮಕ್ಕಳಿಂದಲೇ ಹೇಳಿಸಿ.

ಉಪಜಿಲ್ಲಾ ಕೂಟಕ್ಕೆ ಹೋಗುವಾಗ

ಅಲ್ಲಿ ನಿಮ್ಮ ವಿಶೇಷ ನಿಯಮಗಳಿಲ್ಲ, ಎದುರಿನ ತಂಡ ಕೈ ಎತ್ತುವುದಿಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿ, ಅಲ್ಲಿ ಏನು ಮಾಡುವುದೆಂದು ತಂಡವೇ ತೀರ್ಮಾನಿಸಲಿ. ಕೆಲವು ತಂಡಗಳು ಅಂಪೈರ್ ತೀರ್ಮಾನಕ್ಕೆ ಬಿಡುತ್ತೇವೆ ಎನ್ನುತ್ತವೆ, ಕೆಲವು ನಾವು ಎತ್ತುತ್ತೇವೆ ಎನ್ನುತ್ತವೆ. ಎರಡನ್ನೂ ಒಪ್ಪಬಹುದು, ಅಂಪೈರ್ ಜೊತೆ ವಾದ ಮಾತ್ರ ಇಲ್ಲ. ತೀರ್ಮಾನದ ಬಗ್ಗೆ ತಕರಾರಿದ್ದರೆ ಕ್ಯಾಪ್ಟನ್ ನಿಮಗೆ ಹೇಳಬೇಕು, ನೀವು ನಿಯಮದ ಪ್ರಕಾರ ಸಂಘಟಕರಿಗೆ ಕೊಡಬೇಕು. ಸೋತು ಬರುವ ಜೀಪಿನಲ್ಲಿ ಯಾರ ತಪ್ಪಿನಿಂದ ಸೋತೆವು ಎಂಬ ವಿಚಾರಣೆ ಶುರುವಾಗುತ್ತದೆ. ನೀವು ಮುಂದಿನ ಸೀಟು ಬಿಟ್ಟು ಮಕ್ಕಳ ಜೊತೆ ಹಿಂದೆ ಕೂರಿ.